ಭಾವನ ಇಂಟೆಲ್, ಅಣ್ಣನ ಎಎಂಡಿ

ಕಂಪ್ಯೂಟರಿಗೆ ಇಂಟೆಲ್ ಪ್ರೊಸೆಸರ್ ಹಾಕಿಸಿದರೆ ಅದನ್ನೇ ಹಾಕಿಸು ಎಂದ ದುಬೈಯ ಭಾವ ಗೆದ್ದ ಹಾಗಾಗುತ್ತದೆ, ಎಎಂಡಿ ಹಾಕಿಸಿದರೆ ಅಣ್ಣ. ಮಗಳ ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ಅವಳಿಗೆ ತೆಂಗಿನ ಹಾಲು ಮೊದಲು ಯಾರು ಹಚ್ಚಬೇಕೆಂದು ಜಗಳವಾದಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ. ಈಗ ಯಾರನ್ನು ಕಳೆದುಕೊಳ್ಳುವುದು? ಫೌಸ್ಟಿನ್ ಯೋಚಿಸುತ್ತಲೇ ನಿಧಾನವಾದ ಕಂಪ್ಯೂಟರನ್ನು ಬನ್ನಂಜೆಯ ಅಂಗಡಿಗೆ ಹೊತ್ತು ತಂದ.

ಅಂಗಡಿಯ ಜಮಾಲುದ್ದೀನ್ ಬಿಚ್ಚಿ ನೋಡಿದ. "ಪ್ರೊಸೆಸರಿಗೆ ಎಂತದೂ ಆಗಲಿಲ್ಲ ಮಾರಾಯ್ರೆ. ಹಾರ್ಡ್ ಡಿಸ್ಕ್ ಬದಲಿಸಿದರೆ ಸಾಕು."

"ಹಾಗಾದರೆ ಯಾವ ಪ್ರೊಸೆಸರ್ ಒಳ್ಳೆಯದೆಂದು ನಾನು ಎರಡು ತಿಂಗಳು ನೋಡಿದ ವೀಡಿಯೋಗಳು?"

"ಅದಕ್ಕೆ ನಾನು ಚಾರ್ಜ್ ಮಾಡುವುದಿಲ್ಲ."

ಭಾನುವಾರ ಇಗರ್ಜಿಯಿಂದ ನೇರ ಮನೆಗೆ ಬಂದ ಅಣ್ಣ ಕಂಪ್ಯೂಟರಿನ ವೇಗ ನೋಡಿದ. "ನನ್ನ ಮಾತು ಕೇಳಿದ್ದಕ್ಕೆ ಹೀಗೆ ಓಡುತ್ತದೆ, ಅಲ್ವಾ?"

ಫೌಸ್ಟಿನ್ ತಲೆಯಾಡಿಸಿದ. ಸಂಜೆ ವೀಡಿಯೋ ಕಾಲಿನಲ್ಲಿ ಭಾವನೂ ಅದನ್ನೇ ಕೇಳಿದ. ಅವನಿಗೂ ತಲೆಯಾಡಿಸಿದ.

ಪ್ರೊಸೆಸರ್ ಬದಲಿಸಿಯೇ ಇಲ್ಲವೆಂದು ಫೌಸ್ಟಿನ್ ಇಬ್ಬರಿಗೂ ಹೇಳಲಿಲ್ಲ.