ಗಡಿ ದಾಟಿದ ಕಂಬಳಿ

ನಮ್ಮ ಕೆಂಪಿಗೆ ಕಜ್ಜಿ ಹತ್ತಿದ್ದು ಮೂವತ್ತೆಂಟನೆಯ ಇಸವಿಯಲ್ಲಿ. ಕೆಂಪಿ ನಮ್ಮ ಕುರಿಹಿಂಡಿನ ನಾಯಿ. ಜಗಳೂರಿನ ಬಯಲಲ್ಲಿ ತೋಳ ಬಿದ್ದ ದಿನ ಕಿವಿ ಹರಿಸಿಕೊಂಡು ಮರಿಗಳನ್ನು ಉಳಿಸಿದವಳು. ಅಂಥವಳ ಕಿವಿಯಂಚಿನ ಕೂದಲು ಉದುರಿತು, ಆಮೇಲೆ ಮೊಣಕಾಲಿನದು, ಆಮೇಲೆ ಹೊಟ್ಟೆಯದು. ಕೆರೆದು ಕೆರೆದು ರಕ್ತ ಬರಿಸಿಕೊಳ್ಳುತ್ತಿದ್ದಳು. ಬಂದವರೆಲ್ಲ ಮೂಗು ಮುಚ್ಚಿಕೊಂಡು ಬುದ್ಧಿ ಹೇಳಿದರು. ಬುದ್ಧಿ ಹೇಳುವುದಕ್ಕೆ ಯಾರ ಅಪ್ಪನ ಗಂಟು ಹೋಗುತ್ತದೆ?

ಆಗ ನಾವು ಹೊನ್ನಾಳಿ ಸೀಮೆಯಲ್ಲಿದ್ದೆವು. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಬಂದು, ಅಲ್ಲಿನ ಗದ್ದೆಗಳಲ್ಲಿ ಗೊಬ್ಬರಕ್ಕೆ ಕುರಿ ತರುಬುವುದು, ಅಂದರೆ ರಾತ್ರಿ ಕೂಡಿಹಾಕುವುದು, ನಮ್ಮ ವರ್ಷದ ಕೆಲಸ. ಯುಗಾದಿಗೆ ಮತ್ತೆ ಜಗಳೂರು. ನನ್ನ ತವರು ಗೋವಿನಕೋವಿ ಅಲ್ಲೇ ಹತ್ತಿರ, ಅದಕ್ಕೇ ಆ ಪ್ರಯಾಣವೆಂದರೆ ನನಗೆ ಹಿಗ್ಗು.

ನನ್ನ ಗಂಡ ದುರುಗಪ್ಪ ಕೆಟ್ಟವನಲ್ಲ, ಆದರೆ ಕುರಿಯ ವಿಷಯಕ್ಕೆ ಬಂದರೆ ಕಲ್ಲು. "ನಾಯಿ ಕಜ್ಜಿ ಕುರಿಗೆ ಹತ್ತಿದ್ರೆ ಉಣ್ಣೆ ಹೋತು, ಹಿಂಡೇ ಹೋತು. ಯುಗಾದಿಗೆ ಹೊರಡೋ ಹೊತ್ತಿಗೆ ವಾಸಿ ಆಗ್ಲಿಲ್ಲಾಂದ್ರೆ ನಾನೇ ದೊಣ್ಣೆ ತಗಂತೀನಿ, ಚೌಡಿ. ಆಮೇಲೆ ಅಳಬ್ಯಾಡ" ಎಂದ.

ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚಿದೆ. ಬೂದಿ, ಬೇವಿನೆಣ್ಣೆ, ಹೊಗೆಸೊಪ್ಪಿನ ನೀರು. ನಾಲ್ಕು ದಿನ ತಗ್ಗುವುದು, ಐದನೆಯ ದಿನ ಮತ್ತೆ ಅದೇ ರಗಳೆ. ಹೊರಡಲು ಒಂದೂವರೆ ತಿಂಗಳಿತ್ತು. ಕೊನೆಗೆ ಹೊನ್ನಾಳಿ ಸಂತೆಯಲ್ಲಿ ದನದ ಡಾಕ್ಟರ ಕಂಪೌಂಡರ್ ಮಹೇಶ್ವರಪ್ಪನವರ ಮುಂದೆ ಕೆಂಪಿಯನ್ನು ಹಿಡಿದು ನಿಂತೆ. ಅವರು ಮೂಗು ಮುಚ್ಚಲಿಲ್ಲ. ಕುಕ್ಕರಗಾಲಲ್ಲಿ ಕೂತು ಅವಳ ಕಿವಿ ಮಡಚಿ ಉಜ್ಜಿದರು. ಕೆಂಪಿಯ ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಕೆರೆಯತೊಡಗಿತು.

"ಇದು ಹುಳದ ಕಜ್ಜಿ ಕಣಮ್ಮ. ಕಣ್ಣಿಗೆ ಕಾಣಂಗಿಲ್ಲ. ಚರ್ಮದಾಗೆ ಬಿಲ ತೋಡಿ ಮೊಟ್ಟೆ ಇಡ್ತದೆ. ಗಂಧಕ ಅರೆದು ಹೊಂಗೆ ಎಣ್ಣೆಯಾಗೆ ಕಲಸಿ ಹಚ್ಚು. ಹುಳ ಸಾಯ್ತದೆ, ಮೊಟ್ಟೆ ಸಾಯಲ್ಲ. ಅದಕ್ಕೇ ಎಂಟೆಂಟು ದಿನಕ್ಕೆ ನಾಕು ಸಲ ಹಚ್ಚಬೇಕು. ನಿಮ್ಮ ಕುರಿಗೆ ಬರೋ ಹುಳಾನೇ ಬ್ಯಾರೆ, ನಿನ್ನ ಗಂಡಗೆ ಹೇಳು."

ಹೇಳುತ್ತ ಹೇಳುತ್ತ ನನ್ನ ಮುಂಗೈ ನೋಡಿದರು. ಕೆಂಪು ಗುಳ್ಳೆ ಎದ್ದಿದ್ದವು.

"ನಿನಗೂ ಹತ್ತೇತೆ. ಮನುಷ್ಯರ ಮೈಮ್ಯಾಲೆ ಅದು ಬಾಳ ದಿನ ಬದುಕಲ್ಲ, ಬಿಡು. ನಾಯಿ ಎಲ್ಲಿ ಮಲಗ್ತದೆ?"

"ನನ್ನ ಕಂಬಳಿ ಮ್ಯಾಲೆ. ಅರ್ಧ ನಂಗೆ, ಅರ್ಧ ಅದಕ್ಕೆ."

"ಕಂಬಳಿ ಯಾವಾಗಿಂದು?"

"ಈ ಸಲ ಬಂದಾಗ ನಮ್ಮಣ್ಣ ಕೊಟ್ಟಿದ್ದು."

"ನಿಮ್ಮಣ್ಣನ ಮನ್ಯಾಗೆ ನಾಯಿ ಐತಾ?"

ಇತ್ತು. ಅದಕ್ಕೂ ಕಜ್ಜಿಯಾಗಿತ್ತು. ಈಗ ವಾಸಿಯಾಗುತ್ತಿದೆ ಎಂದು ಅಣ್ಣ ಓಬಣ್ಣನೇ ನಗುನಗುತ್ತ ಹೇಳಿದ್ದ. "ಚಳಿ ಐತೆ, ಹೊದ್ಕೋ ತಂಗಿ" ಎಂದು ಕಂಬಳಿಯನ್ನು ನನ್ನ ಹೆಗಲಿಗೆ ಹಾಕಿ ಕಳಿಸಿದ್ದು ಅದೇ ದಿನ. ಮಹೇಶ್ವರಪ್ಪನವರಿಗೆ ಅದನ್ನೆಲ್ಲ ಹೇಳಿದೆ. "ಕಂಬಳಿ ಕುದಿಸಮ್ಮ. ಅದು ಇರೋತನಕ ನೀನು ಹಚ್ಚೋ ಎಣ್ಣೆ ದಂಡ" ಎಂದರಷ್ಟೆ.

ಪ್ರತಿ ಸಲ ಔಷಧಿ ಹಚ್ಚಿ, ತವರಿನ ಕಂಬಳಿಯೆಂದು ಮುದ್ದಿನಿಂದ ಅದರ ಮೇಲೇ ಮಲಗಿಸುತ್ತಿದ್ದವಳು ನಾನು. ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ನಮ್ಮ ಕಡೆ ಒಂದು ಪದ್ಧತಿಯಿದೆ. ಊರಿಗೆ ಮಾರಿ ಬಂದರೆ, ದನಕ್ಕೆ ರೋಗ ಬಂದರೆ, ಮೊರದಲ್ಲಿ ಬೇವು, ಪೊರಕೆ, ರೋಗದ ಕೊಟ್ಟಿಗೆಯ ಒಂದು ಹಗ್ಗ ಇಟ್ಟು ಊರ ಗಡಿಯಾಚೆ ಬಿಟ್ಟು ಬರುತ್ತಾರೆ. ಸಾಮಾನಿನ ಜೊತೆ ರೋಗವೂ ದಾಟುತ್ತದೆಂದು ನಂಬಿಕೆ. ನಾನು ಚಿಕ್ಕವಳಿದ್ದಾಗ ಅಂಥ ಮೊರದಲ್ಲಿದ್ದ ಹಸಿರು ಬಳೆಗೆ ಕೈ ಚಾಚಿದ್ದೆ. ರಟ್ಟೆ ಹಿಡಿದು ಹಿಂದಕ್ಕೆಳೆದು, "ಮುಟ್ಟಬ್ಯಾಡ ಚೌಡಿ, ಮುಟ್ಟಿದೋರಿಗೆ ಬರ್ತದೆ" ಎಂದು ಅತ್ತವನು ಇದೇ ಓಬಣ್ಣ.

ಅವನಿಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳದೆ ನನಗೆ ಊಟ ಸೇರುತ್ತಿರಲಿಲ್ಲ.

ಕಂಬಳಿ ಕುದಿಸಿ ಮೂರು ದಿನ ಬಿಸಿಲಿಗೆ ಹಾಕಿದೆ. ಅದು ಕುಗ್ಗಿ ಗೋಣಿಚೀಲದಷ್ಟಾಯಿತು. ನಾಲ್ಕು ಸಲ ಗಂಧಕದ ಎಣ್ಣೆ ಹಚ್ಚಿದೆ. ಮೂರನೆಯ ಸಲಕ್ಕೇ ಕೆಂಪಿ ನಿದ್ದೆ ಮಾಡಿದಳು. ನಾಲ್ಕನೆಯದರ ಹೊತ್ತಿಗೆ ಕಿವಿಯ ಮೇಲೆ ನವಿರು ಕೂದಲು ಚಿಗುರಿತ್ತು. ದುರುಗಪ್ಪ ಅದನ್ನು ಬೆರಳಲ್ಲಿ ಸವರಿ ನೋಡಿ, ದೊಣ್ಣೆ ತಗೊಂಡು ಕುರಿ ಕಾಯಲು ಹೋದ.

ಹೊರಡುವ ಮುಂಚಿನ ದಿನ ಕೆಂಪಿಯನ್ನು ಕರೆದುಕೊಂಡು, ಕಂಬಳಿ ಮಡಚಿಕೊಂಡು ತವರಿಗೆ ಹೋದೆ. ಓಬಣ್ಣ ಜಗಲಿಯ ಮೇಲಿದ್ದ. ಅವನ ನಾಯಿ ಮೈತುಂಬ ಕೂದಲು ಹೊತ್ತು ಅವನ ಕಾಲ ಬಳಿ ಮಲಗಿತ್ತು.

"ಅಣ್ಣಾ, ಒಗೆದು ತಂದೀನಿ. ಕುಗ್ಗೇತೆ. ನಿನ್ನ ಮಗಳಿಗೆ ಹೊದಿಸಾಕೆ ಆಗ್ತದೆ, ತಗ."

ಅವನು ತಟ್ಟನೆ ಎದ್ದು ಹಿಂದೆ ಸರಿದ. ಬಾಗಿಲಿಗೆ ಅಡ್ಡ ನಿಂತು, "ಒಳಗೆ ತರಬ್ಯಾಡ. ದಾಟಿ ಹೋದದ್ದನ್ನ ತಿರುಗಿ ತರಬಾರದು" ಎಂದ.

"ಗೊತ್ತಿದ್ದೇ ಕೊಟ್ಯಾ?"

ಅವನು ಮಕ್ಕಳಿಗೆ ಹೇಳುವಂತೆ ಮೆತ್ತಗೆ ಹೇಳಿದ. "ಊರೊಳಗಿನೋರಿಗೆ ಹೆಂಗೆ ಕೊಡಾಕೆ ಬರ್ತದೆ? ನೀನು ಬ್ಯಾರೆ ಊರಿಗೆ ಕೊಟ್ಟ ಹೆಣ್ಣು, ಚೌಡಿ. ಗಡಿ ಆಚೆಯಾಕೆ."

ಅಷ್ಟರಲ್ಲಿ ಅತ್ತಿಗೆ ತಂಬಿಗೆಯಲ್ಲಿ ನೀರು ತಂದಿಟ್ಟಳು. ತವರಿಗೆ ಬಂದ ಹೆಣ್ಣು ನೀರು ಮುಟ್ಟದೆ ಹೋಗಬಾರದಂತೆ. ನಾನು ಕಂಬಳಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡೆ, ಕೆಂಪಿಯನ್ನು ಕರೆದೆ.

"ನೀರಾದ್ರೂ ಕುಡಿದು ಹೋಗೇ" ಎಂದ ಅಣ್ಣ.

"ಬ್ಯಾಡಣ್ಣ" ಎಂದೆ. "ಮುಟ್ಟಿದೋರಿಗೆ ಬರ್ತದೆ."