ಒಂದು ಒತ್ತು ಬಿಟ್ಟ ಚೀಟಿ

ಶೇವಂತವ್ವ ಬಿಟ್ಟದ್ದು ಒಂದೇ ಒಂದು ಒತ್ತು. ಅದೂ ಎಂಥದು? ಯ-ಒತ್ತು. ಅಕ್ಷರದ ಹಿಂದೆ ಕುರಿಮರಿಯ ಬಾಲದ ಹಾಗೆ ಜೋತಾಡುವಂಥದು, ಇದ್ದರೇನು ಬಿದ್ದರೇನು ಅನ್ನುವಷ್ಟು ಸಣ್ಣದು. ಆದರೆ ಆ ಬಾಲ ಬಿದ್ದದ್ದಕ್ಕೆ ಅವತ್ತು ಮಧ್ಯಾಹ್ನ ಬನಹಟ್ಟಿಯ ಅರ್ಧ ಮಗ್ಗಗಳು ನಿಂತುಬಿಟ್ಟವು.

ಆಕೆ ಅಕ್ಷರ ಕಲಿತದ್ದೇ ಐವತ್ತೈದು ದಾಟಿದ ಮೇಲೆ. ಅದಕ್ಕೆ ಮೊದಲೂ ಆಮೇಲೂ ಆಕೆಯ ಕೈಗೆ ಗೊತ್ತಿದ್ದ ಕೆಲಸ ಕಂಡಿಕಿ ಸುತ್ತುವುದು. ಲಾಳಿಯ ಹೊಟ್ಟೆಯೊಳಗೆ ಕೂರುವ ಗೇಣುದ್ದದ ಕಟ್ಟಿಗೆ ಕೋಲಿಗೆ ನೂಲು ಸುತ್ತಿ ಮಗ್ಗದವರಿಗೆ ಕೊಡುವುದು, ಖಾಲಿಯಾದವನ್ನು ಮತ್ತೆ ಚೀಲದಲ್ಲಿ ತುಂಬಿ ತರುವುದು. ಒಬ್ಬರವು ಇನ್ನೊಬ್ಬರಲ್ಲಿ ಕಲೆಯಬಾರದೆಂದು ಒಬ್ಬೊಬ್ಬ ಮಾಲಕರ ಕಂಡಿಕಿಯ ಬುಡಕ್ಕೂ ಒಂದೊಂದು ಗುರುತು. ಹಸಿರು ಪಟ್ಟಿ ಬಾಳಾಸಾಹೇಬನದು, ಎರಡು ಕೆಂಪು ಗೆರೆ ಗಿರಿಮಲ್ಲಪ್ಪನದು, ಹಳದಿ ಬೊಟ್ಟು ಧರೆಪ್ಪನದು. ಓದು ಬರುವುದಕ್ಕೆ ಮೊದಲೇ ಶೇವಂತವ್ವ ಇಡೀ ಊರನ್ನು ಈ ಗುರುತುಗಳಲ್ಲಿ ಓದುತ್ತಿದ್ದಳು.

ಆಕೆಯ ಮನೆ ಊರ ಇಳಿಜಾರಿನಲ್ಲಿ, ಹಳ್ಳದ ಓಣಿಯಲ್ಲಿ. ಮನೆಯ ಹಿಂದೆ ಹಳ್ಳ, ಹಳ್ಳದ ದಂಡೆಗೆ ಒಂದು ಬಾವಿ. ಸುತ್ತಲಿನ ಬೋರುಗಳ ನೀರೆಲ್ಲ ಸವಳು, ಇದೊಂದೇ ಸಿಹಿ. ಆ ನೀರಿನ ಚಹಾ ಕುಡಿದವರು ಬೇರೆ ಓಣಿಯ ಚಹಾಕ್ಕೆ ಮೂಗು ಮುರಿಯುತ್ತಿದ್ದರು. ಆದರೆ ಮೂರು ವರ್ಷದಿಂದ ಮೊದಲ ಮಳೆ ಬಿದ್ದದ್ದೇ ತಡ, ಹಳ್ಳ ಏರಿ ಬಾವಿಯ ಕಲ್ಲುಸಂದಿಯಿಂದ ಒಳಗೆ ಜಿನುಗಿ, ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಹೋದ ವರ್ಷ ಪಕ್ಕದ ಮನೆಯ ತಾಯವ್ವ ಆ ನೀರಲ್ಲಿ ಅನ್ನ ಮಾಡಿ, "ನೋಡ್ಬೇ, ಮದವಿ ಊಟದಂಗ ಆಗೇತಿ" ಎಂದು ನಗಾಡಿದ್ದಳು. ಶೇವಂತವ್ವನಿಗೆ ನಗು ಬರಲಿಲ್ಲ. ಈ ವರ್ಷವೂ ಹಾಗೇ ಆದರೆ ಬಾವಿಗೆ ಮಣ್ಣು ಹಾಕಿ ಮುಚ್ಚುವುದೆಂದು ಓಣಿಯವರು ಮಾತಾಡಿಕೊಂಡಿದ್ದರು.

ಮೇಲಿನ ಓಣಿಯಲ್ಲಿ ಮಗ್ಗದ ಜೊತೆಗೆ ನೂಲಿಗೆ ಬಣ್ಣವನ್ನೂ ಹಾಕುವ ಬಾಳಾಸಾಹೇಬನನ್ನು ಆಕೆ ಕೇಳಿಯೂ ಇದ್ದಳು.

"ಬಾಳಾಸಾಹೇಬ್ರ, ನಿಮ್ಮ ಬಣ್ಣದ ನೀರು ಎಲ್ಲಿಗಿ ಹೋಗತೈತ್ರಿ?"

"ಗಟಾರಕ್ಕ ಹೋತು."

"ಗಟಾರದಿಂದ?"

"ಮಳಿ ಬಂದ್ರ ತೊಳಕೊಂಡು ಹೋತು."

"ಹೋತು ಅಂದ್ರ ಎಲ್ಲಿಗಿ ಹೋತ್ರಿ?"

"ಏ ಶೇವಂತಕ್ಕ, ಹೋತು ಅಂದ್ರ ಹೋತು! ಹೋದದ್ದರ ಅಡ್ರೆಸ್ ಯಾರು ಇಟಗೊಂತಾರು?"

ಅದಕ್ಕೇ ನೋಡಿ, ಮಳೆನೀರಿನ ಗಟಾರ ಹೊಲಸಾಗದಂತೆ ಕಾಯುವುದು ಹೇಗೆಂದು ಸಣ್ಣ ಊರುಗಳಿಗೆ ಕಲಿಸಲು ಜಮಖಂಡಿಯಿಂದ ಶೀತಲ್ ಅನ್ನುವ ಹುಡುಗಿ ಬರುತ್ತಾಳೆ, ಊರಲ್ಲಿ ಮಂದಿ ಕೂಡಿಸಲು ಒಬ್ಬ ಹೆಣ್ಣುಮಗಳು ಬೇಕು ಎಂದು ಸುದ್ದಿ ಬಂದಾಗ ಶೇವಂತವ್ವ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು. ಶೀತಲ್ ಫೋನಿನಲ್ಲಿ ಅಳುದನಿಯಲ್ಲಿ ಹೇಳಿದ್ದಳು. "ಅವ್ವಾರ, ಮುಧೋಳದಾಗ ಒಂಬತ್ತು ಮಂದಿ ಬಂದ್ರು. ಬೀಳಗ್ಯಾಗ ನಾಕು, ಅದರಾಗ ಇಬ್ಬರು ಫ್ಯಾನಿನ ಗಾಳಿಗಿ ಮಲಗಾಕ ಬಂದಿದ್ರು. ನಿಮ್ಮೂರಾಗರ ಮೂವತ್ತು ಮಂದಿ ಆಗಲಿಲ್ಲಂದ್ರ ಈ ಮಳಿಗಾಲದಾಗ ಮತ್ತ ನನ್ನ ಕಳಸಂಗಿಲ್ಲ."

ಮೂವತ್ತು ಮಂದಿಗಾಗಿ ಶೇವಂತವ್ವ ಚೀಟಿ ಬರೆದು ಆಟೋದ ಚಿದಾನಂದನ ಕೈಗಿಟ್ಟಳು. ಬರೆಯಬೇಕಾದದ್ದು 'ಮಳೆಗಾಲದ ಮಾಲಿನ್ಯ ತಡೆ'. ಬರೆದದ್ದು 'ಮಳೆಗಾಲದ ಮಾಲಿನ ತಡೆ'.

ಚಿದಾನಂದ ಮೈಕು ಕಟ್ಟಿದ ಆಟೋದಲ್ಲಿ ಓಣಿ ಓಣಿ ಸುತ್ತಿದ. "ಕೇಳ್ರಪೋ ಕೇಳ್ರಿ! ಮಳೆಗಾಲದ ಮಾಲಿನ ತಡೆ! ಇವತ್ತ ನಾಕು ಗಂಟೆಕ್ಕ ಸಮುದಾಯ ಭವನ! ಚಹಾ ಚುರಮರಿ ಐತಿ!"

ನೇಕಾರರ ಊರಲ್ಲಿ ಮಾಲು ಅಂದರೆ ನೇಯ್ದ ಸೀರೆ. ಆ ಮಾಲು ಹೊರಗೆ ಹೋದರೆ ಒಲೆ ಹತ್ತುತ್ತದೆ. ಮಳೆಗಾಲ ಪೂರ್ತಿ ಮಾಲು ತಡೆಯುತ್ತಾರಂತೆ! ಮೊದಲು ಗಿರಿಮಲ್ಲಪ್ಪನ ಮಗ್ಗ ನಿಂತಿತು. ಆಮೇಲೆ ಧರೆಪ್ಪನದು. ಹಗಲೆಲ್ಲ ಖಡಖಡ ಅನ್ನುವ ಊರು ಹಠಾತ್ತನೆ ಎಷ್ಟು ಸುಮ್ಮನಾಯಿತೆಂದರೆ ಕೋಳಿಗಳು ಗಾಬರಿಯಾಗಿ ಕತ್ತೆತ್ತಿ ನೋಡಿದವು.

ನಾಲ್ಕು ಗಂಟೆಗೆ ಶೇವಂತವ್ವ ಖಾಲಿ ಕಂಡಿಕಿಯ ಚೀಲ ಹೆಗಲಿಗೆ ಹಾಕಿಕೊಂಡು ಭವನಕ್ಕೆ ಬಂದಳು. ಹೇಗೂ ನಾಲ್ಕಾರು ಮಾಲಕರು ಸಿಕ್ಕಾರು, ಅವರವರದು ಅಲ್ಲೇ ಕೊಟ್ಟರಾಯಿತು ಅಂತ. ನೋಡಿದರೆ ಒಳಗೆ ಕಾಲಿಡಲು ಜಾಗವಿಲ್ಲ! ಕಿಟಕಿಯಲ್ಲಿ ಮಂದಿ, ಮೆಟ್ಟಿಲ ಮೇಲೆ ಮಂದಿ. ಶೀತಲ್ ವೇದಿಕೆಯ ಮೇಲೆ ನಿಂತು ಎರಡೂ ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅವ್ವಾರ, ಮುನ್ನೂರು ಮಂದಿ ಅದಾರ! ಈ ಊರಿನವರಿಗೆ ಗಟಾರದ ಮ್ಯಾಲ ಎಷ್ಟ್ ಪ್ರೀತಿರಿ!"

"ಚುರಮರಿ ಮೂವತ್ತು ಮಂದೀಗಷ್ಟ ಐತವಾ," ಎಂದಳು ಶೇವಂತವ್ವ.

ಶೀತಲ್ ಮೈಕು ಹಿಡಿದು "ಮಾಲಿನ್ಯ ಅಂದ್ರ..." ಎನ್ನುವಷ್ಟರಲ್ಲಿ ಬಾಳಾಸಾಹೇಬ ಎದ್ದು ನಿಂತ. ತಲೆಗೆ ರುಮಾಲು, ಬೆರಳ ತುದಿಗೆಲ್ಲ ಗುಲಾಬಿ ಬಣ್ಣ.

"ಅದೆಲ್ಲ ಇರಲಿ. ನಮ್ಮ ಮಾಲು ತಡಿಯಾವ್ರು ಯಾರು, ಅದನ್ನ ಹೇಳ್ರಿ ಮೊದಲ!"

"ಹೌದು! ಯಾರು ತಡೀತಾರು?" ಎಂದಿತು ಸಭೆ.

"ಯಾರ ಮಾಲ್ರೀ?" ಎಂದಳು ಶೀತಲ್.

ಚಿದಾನಂದ ಕಿಸೆಯಿಂದ ಚೀಟಿ ತೆಗೆದು ಎತ್ತಿ ಹಿಡಿದ. "ನಾ ಇದ್ದಂಗ ಓದೇನ್ರಿ!" ಚೀಟಿ ಕೈಯಿಂದ ಕೈಗೆ ಹಾಯ್ದು ಶೇವಂತವ್ವನ ಬಳಿ ಬಂತು. ಆಕೆ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಇನ್ನೊಮ್ಮೆ ಓದಿದಳು.

"ತಪ್ಪು ನಂದು," ಎಂದಳು ಗಟ್ಟಿಯಾಗಿ. "ಮಾಲು ಯಾರೂ ತಡ್ಯಂಗಿಲ್ಲ. ಒಂದು ಒತ್ತು ಬಿಟ್ಟೇನಿ."

ಸಭೆ ನಕ್ಕ ನಗುವಿಗೆ ಭವನದ ತಗಡು ನಡುಗಿತು. "ಒಂದ್ ಒತ್ತಿಗೆ ಮುನ್ನೂರು ಮಗ್ಗ ನಿಂದ್ರಿಸಿದ್ಯಲ್ಲ ಯಕ್ಕಾ! ದೊಡ್ಡ ಅಕ್ಷರ ಬಿಟ್ಟಿದ್ರ ಸೂರ್ಯಾನ ನಿಂದ್ರತಿದ್ದ!" ಎಂದ ಧರೆಪ್ಪ. ನಗುತ್ತ ನಗುತ್ತ ಮಂದಿ ಬಾಗಿಲ ಕಡೆ ತಿರುಗಿದರು. ಮೂವತ್ತಲ್ಲ, ಮೂರು ಮಂದಿಯೂ ಉಳಿಯುವ ಹಾಗಿರಲಿಲ್ಲ.

ಮುಂಜಾನೆಯಿಂದ ಉಬ್ಬರಿಸುತ್ತಿದ್ದ ಮುಗಿಲು ಆಗ ಬಿತ್ತು. ಎಂಥ ಮಳೆ ಅಂತೀರಿ! ಹೊರಗೆ ಇಟ್ಟ ಕಾಲನ್ನು ಎಲ್ಲರೂ ಒಳಗೆ ಎಳೆದುಕೊಂಡರು. ಬಾಗಿಲಿನ ಮುಂದೆಯೇ ಹಾಯುವ ಗಟಾರ ಕ್ಷಣದಲ್ಲಿ ತುಂಬಿ ಗುಲಾಬಿಯಾಗಿ ಹರಿಯತೊಡಗಿತು.

ಶೇವಂತವ್ವ ಅದನ್ನು ನೋಡಿದಳು. ಇನ್ನು ಅರ್ಧ ತಾಸಿಗೆ ತನ್ನ ಬಾವಿಯೂ ಇದೇ ಬಣ್ಣ.

"ಬಾಳಾಸಾಹೇಬ್ರ, ಇದು ಎಲ್ಲಿಗಿ ಹೋತ್ರಿ?"

"ಮತ್ತ ಸುರು ಮಾಡಿದ್ಯಾ! ನದಿಗಿ ಹೋತು, ಗಲಗಲಿಗಿ ಹೋತು, ಸಮುದ್ರಕ್ಕ ಹೋತು! ನನ್ನ ನೀರು ನಿನ್ನ ಬಾವಿ ಹಂತೇಕ ಬರತೈತಿ ಅಂತ ತೋರಸು, ನಾಳೇನ ಗಟಾರದ ಬಾಯಿ ಕಟ್ಟತೇನಿ. ತೋರಸಲಿಲ್ಲಾ, ಮತ್ತ ಜನ್ಮದಾಗ ಬಾವಿ ಸುದ್ದಿ ತಗೀಬಾರದು. ಆತಿಲ್ಲೋ?"

"ಆತು," ಎಂದಳು ಶೇವಂತವ್ವ. ಅಂದಮೇಲೆ ಗಟಾರದ ಕಡೆ ತಿರುಗಿ ನೋಡಿದಳು. ನೀರಿಗೆ ಹೆಸರಿರುತ್ತದೆಯೇ, ಇದು ನಿನ್ನದು ಎಂದು ತೋರಿಸಲು?

ಹೆಗಲ ಮೇಲಿನ ಚೀಲ ಕಟಕಟ ಅಂದಿತು.

ಹೆಸರಿರುತ್ತದೆ! ಆಕೆ ಚೀಲವನ್ನು ನೆಲಕ್ಕೆ ಸುರುವಿದಳು. "ತಗೋರಿ, ಅವರವರ ಕಂಡಿಕಿ ಅವರವರು. ನಿಮ್ಮ ನಿಮ್ಮ ಮನಿ ಮುಂದಿನ ಗಟಾರಕ್ಕ ಹಾಕ್ರಿ. ಒಬ್ಬೊಬ್ಬರು ಐದು. ಚಿದಾನಂದಾ, ನಡಿ ನನ್ನ ಕರಕೊಂಡು ಹಳ್ಳಕ್ಕ!"

ಮಳೆಯಲ್ಲಿ ತೊಯ್ಯಲಾರೆವು ಎಂದು ಒಳಗೆ ನಿಂತಿದ್ದ ಮಂದಿ, ಪಂಥ ಅಂದಕೂಡಲೆ ಮಕ್ಕಳ ಹಾಗೆ ಹೊರಗೆ ಜಿಗಿದರು. ಶೀತಲ್ ಚಪ್ಪಲಿ ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮುಂದೆ ಓಡಿದಳು. ಹಳ್ಳದ ಓಣಿಯಲ್ಲಿ ಶೇವಂತವ್ವ, ತಾಯವ್ವ ಸೇರಿ ಒಂದು ಹಳೆಯ ಸೀರೆಯನ್ನು ಗಟಾರ ಹಳ್ಳಕ್ಕೆ ಬೀಳುವ ಬಾಯಿಗೆ ಅಡ್ಡ ಹಿಡಿದರು, ಒಂದು ಕಂಡಿಕಿಯೂ ಕಳೆಯಬಾರದೆಂದು. ಮಾಲಕರೆಲ್ಲ ತಮ್ಮ ತಮ್ಮ ಕಂಡಿಕಿ ಹಾಕಿ, ಗಟಾರದ ಜೊತೆಗೇ ಇಳಿಜಾರಿನಲ್ಲಿ ಓಡಿ ಬಂದು ದಂಡೆಯ ಮೇಲೆ ಸಾಲುಗಟ್ಟಿದರು. ಮೈಯೆಲ್ಲ ತೊಪ್ಪೆ. ಚಿದಾನಂದ ಆಟೋದ ಮೈಕು ಹಚ್ಚಿದ.

"ಬಂತು ಬಂತು ಬಂತು! ಯಾರದ್ದೋ ಒಂದು ಬಂತು! ಎರಡು ಕೆಂಪು ಗೆರಿ, ಗಿರಿಮಲ್ಲಪ್ಪಗೋಳದು! ಅದರ ಹಿಂದ ಹಳದಿ ಬೊಟ್ಟು!"

"ನಡೀ ನನ್ನ ಕುದುರಿ!" ಎಂದು ಧರೆಪ್ಪ ಕೂಗಿದ.

"ಅಯ್ಯ, ಹಸರು ಪಟ್ಟಿ ಬಂತ್ರಿ! ಹಸರು ಎಲ್ಲಾರನ್ನೂ ಹಿಂದ ಹಾಕಾಕತ್ತೈತಿ!"

ಬಾಳಾಸಾಹೇಬ ರುಮಾಲು ಬಿಚ್ಚಿ ಗಾಳಿಯಲ್ಲಿ ತಿರುವಿದ. "ಹೊಡಿ! ಹೊಡೀಲೇ! ಬಿಡಬ್ಯಾಡ!" ಹಸಿರು ಪಟ್ಟಿಯ ಕಂಡಿಕಿ ಗುಲಾಬಿ ನೊರೆಯ ಮೇಲೆ ಕುಣಿಯುತ್ತ ಬಂದು ಎಲ್ಲಕ್ಕಿಂತ ಮೊದಲು ಸೀರೆಗೆ ಬಡಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಐದಕ್ಕೆ ಐದೂ!

"ನಂದಽ ಫಸ್ಟ್!" ಬಾಳಾಸಾಹೇಬ ಒಂದು ಮೊಳ ಮೇಲೆ ಹಾರಿದ. "ನಂದಽ ಫಸ್ಟ್! ಐದಕ್ಕ ಐದೂ ನಂದಽ ಬಂ..."

ಮಾತು ಅಲ್ಲೇ ನಿಂತಿತು. ರುಮಾಲು ಕೈಯಲ್ಲೇ ಉಳಿಯಿತು. ಅವನ ಬೆನ್ನಿಗೆ ಮೂರು ಮಾರು ದೂರದಲ್ಲಿ ಬಾವಿ ಇತ್ತು.

ಶೇವಂತವ್ವ ಸೀರೆಯಿಂದ ಕಂಡಿಕಿ ಎತ್ತಿ, ಸೆರಗಿನಿಂದ ಒರೆಸಿ, ಅವನ ಕೈಗಿಟ್ಟಳು. "ಹೋತು ಹೋತು ಅಂತಿದ್ರಿ. ಬಂತು ನೋಡ್ರಿ. ಅಡ್ರೆಸ್ ಇಟಗೋರಿ."

ಮೊದಲು ನಕ್ಕದ್ದು ಯಾರೋ ಗೊತ್ತಾಗಲಿಲ್ಲ. ಆಮೇಲೆ ಬಾಳಾಸಾಹೇಬನೇ ಎಲ್ಲರಿಗಿಂತ ಜೋರಾಗಿ ನಕ್ಕ, ಹೊಟ್ಟೆ ಹಿಡಿದುಕೊಂಡು, ಮಳೆಯಲ್ಲೇ ಕಲ್ಲಿನ ಮೇಲೆ ಕೂತು. "ಗೆದ್ದು ಸೋತಾಂವ ನಾನೊಬ್ಬನ ನೋಡವಾ ಲೋಕದಾಗ!"

"ಒಬ್ಬನ ಯಾಕ," ಎಂದಳು ತಾಯವ್ವ, ಸೀರೆಯೊಳಗೆ ಕೈಯಾಡಿಸುತ್ತ. "ಹಳದಿ ಬೊಟ್ಟು ಅದಾವು, ಕೆಂಪು ಗೆರಿ ಅದಾವು. ಎಣ್ಣಿ ಡಬ್ಬಿನೂ ಬಂದೈತಿ, ಗುಟಕಾ ಚೀಟಿನೂ ಬಂದಾವು. ಯಾರ್ಯಾರವು, ತಗೊಂಡು ಹೋಗ್ರಿ ಬೇ!"

ಯಾರೂ ಕೈ ಚಾಚಲಿಲ್ಲ. ಎಲ್ಲರೂ ತಂತಮ್ಮ ಕಾಲಬೆರಳು ನೋಡಿದರು. ಶೀತಲಳಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿ ಸಿಗಬೇಕು? ಅಲ್ಲೇ, ಆಟೋದ ಮೈಕಿನಲ್ಲೇ ಪಾಠ ಮುಗಿಸಿದಳು. ಬಣ್ಣದ ನೀರು ಗಟಾರಕ್ಕೆ ಬಿಡದೆ ತೊಟ್ಟಿಯಲ್ಲಿ ಹಿಡಿಯುವುದು ಹೇಗೆ, ತಿಳಿಯಾದದ್ದನ್ನು ಮತ್ತೆ ನೂಲು ತೊಳೆಯಲು ಬಳಸುವುದು ಹೇಗೆ, ಮಗ್ಗದ ಎಣ್ಣೆ ಒರೆಸಿದ ಚಿಂದಿ ಎಲ್ಲಿ ಹಾಕಬೇಕು ಎಂದೆಲ್ಲ. ಮುನ್ನೂರು ಮಂದಿ ತೊಯ್ದುಕೊಂಡು ನಿಂತು ಕೇಳಿದರು. ಮೂವತ್ತು ಮಂದಿಯ ಚುರಮರಿಯನ್ನು ಒಂದೊಂದು ಚಿಟಿಕೆ ಹಂಚಿಕೊಂಡರು, ಪ್ರಸಾದದ ಹಾಗೆ.

ಆ ಸಲ ಬಾವಿ ಗುಲಾಬಿಯಾಗಿಯೇ ಆಯಿತು, ಆ ಮಳೆ ತಡೆಯುವವರು ಯಾರು? ಆದರೆ ಮಣ್ಣು ಹಾಕುವ ಮಾತು ಯಾರೂ ಆಡಲಿಲ್ಲ. ಮಾರನೆಯ ದಿನವೇ ಬಾಳಾಸಾಹೇಬ ಗಟಾರದ ಬಾಯಿಗೆ ಕಲ್ಲು ಕಟ್ಟಿಸಿದ, ಹಿತ್ತಲಲ್ಲಿ ತೊಟ್ಟಿ ಎಬ್ಬಿಸಿದ. ಓಣಿಯವರು ಬಾವಿಯ ನೀರು ಎರಡು ಸಲ ಖಾಲಿ ಮಾಡಿ, ಸಂದಿಗಳಿಗೆ ಸಿಮೆಂಟು ತುಂಬಿದರು. ಗಟಾರದ ದಂಡೆಗೆ ಬರೆಸಲು ಶೀತಲ್ ಒಂದು ಸಾಲು ಕೊಟ್ಟಿದ್ದಳು: 'ಮಾಲಿನ್ಯ ತಡೆಯಿರಿ'. ಊರವರು ಬೇಡವೇ ಬೇಡ ಅಂದರು. ಬಾಳಾಸಾಹೇಬ ತನ್ನ ಗುಲಾಬಿ ಬಣ್ಣದಲ್ಲೇ, ತನ್ನ ಕೈಯಾರೆ, ಓಣಿ ಓಣಿಯ ಗಟಾರಕ್ಕೆ ಬರೆದ: 'ಇಲ್ಲಿ ಚೆಲ್ಲಿದ್ದು ಶೇವಂತವ್ವನ ಚಹಾದಾಗ ಬೀಳತೈತಿ'.

ಮುಂದಿನ ದೊಡ್ಡ ಮಳೆ ಬಿದ್ದ ಮಾರನೆಯ ಮುಂಜಾನೆ ಶೇವಂತವ್ವ ಬಾವಿಗೆ ಕೊಡ ಇಳಿಬಿಟ್ಟಳು. ಎಳೆಯುವಾಗ ಕಣ್ಣು ಮುಚ್ಚಿದ್ದಳು. ತೆರೆದು ನೋಡಿದರೆ ಕೊಡದ ತಳದ ತಗ್ಗು ಕಾಣುತ್ತಿತ್ತು, ಅದರಲ್ಲಿ ತನ್ನದೇ ಮುಖ, ಹಲ್ಲು ಬಿಟ್ಟುಕೊಂಡು. ಒಲೆಯ ಮೇಲೆ ಚಹಾ ಇಟ್ಟಳು. ಅಷ್ಟರಲ್ಲಿ ಬಾಳಾಸಾಹೇಬ ಬಂದು ಕಟ್ಟೆಯ ಮೇಲೆ ಕೂತಿದ್ದ, ಶೀತಲಳ ಫೋನೂ ಬಂತು, ಶೇವಂತವ್ವ ಸ್ಪೀಕರಿಗೆ ಹಾಕಿದಳು.

"ಅವ್ವಾರ, ಮುಧೋಳಕ್ಕ ಇನ್ನೊಮ್ಮೆ ಹೊಂಟೇನಿ. ಮಂದಿ ಕೂಡಬೇಕಂದ್ರ ಚೀಟ್ಯಾಗ ಏನ್ ಬರೀಲ್ರಿ?"

"ಮುಧೋಳೇನವಾ? ಬ್ಯಾಟಿ ನಾಯಿ ಊರು." ಶೇವಂತವ್ವ ಚಹಾ ಸೋಸುತ್ತ ಯೋಚಿಸಿದಳು. "ನಾಯಿ ತಡೆ ಅಂತ ಬರಿ. ಊರಿಗಿ ಊರ ನಾಯಿ ಹಿಡಕೊಂಡು ಬರತೈತಿ. ಆಮ್ಯಾಲ ಒತ್ತು ಬಿಟ್ಟೇನಿ ಅನ್ನು."

"ನಾಯಿ ಅನ್ನೂದರಾಗ ಒತ್ತು ಎಲ್ಲೈತ್ರಿ?"

"ಹೌದಲ್ಲ!" ಎಂದಳು ಶೇವಂತವ್ವ. ಮೊದಲ ಗುಟುಕು ಕುಡಿಯುತ್ತಿದ್ದ ಬಾಳಾಸಾಹೇಬ ನಗಲು ಹೋಗಿ ಚಹಾ ಮೂಗಿಗೆ ಏರಿಸಿಕೊಂಡ. ಕೆಮ್ಮು ನಿಂತ ಮೇಲೆ ಬಟ್ಟಲನ್ನು ಬೆಳಕಿಗೆ ಹಿಡಿದು ಒಂದು ಸಲ ನೋಡಿದ, ಇನ್ನೊಂದು ಗುಟುಕು ಕುಡಿದ, ಬಟ್ಟಲು ಮುಂದೆ ಚಾಚಿದ.

"ಇನ್ನರ್ಧ ಹಾಕವಾ ಯಕ್ಕಾ," ಎಂದ. "ನನ್ನ ಬಣ್ಣ ಇಲ್ಲದಿದ್ರೂ ಛಲೋ ಆಗೇತಿ."