ಚನ್ನಮಲ್ಲಪ್ಪನವರ ಕೈನಡುಕ

ಚನ್ನಮಲ್ಲಪ್ಪನವರ ಕತ್ತಿಗೆ ಕುತ್ತಿಗೆ ಒಡ್ಡಿ ಕೂತರೆ ನನ್ನ ಕಣ್ಣು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಹನ್ನೆರಡು ವರ್ಷ ಅವರು ನನ್ನ ಗಡ್ಡ ಹೆರೆದರು. ಡಾಕ್ಟರ್ ಸುಮಿತ್ರಾಬಾಯಿಯವರ ಕಂಪೌಂಡರನಾದ ನಾನು ಹನ್ನೆರಡು ವರ್ಷ ಅವರಿಗೆ ದಮ್ಮಿನ ಮಾತ್ರೆಯ ಪೊಟ್ಟಣ ಕಟ್ಟಿದೆ. ಅವರ ಉಸಿರು ನನ್ನ ಕೈಯಲ್ಲಿ, ನನ್ನ ಗಂಟಲು ಅವರ ಕೈಯಲ್ಲಿ ಎಂದು ಇಬ್ಬರೂ ನಗುತ್ತಿದ್ದೆವು.

ಆ ಭಾನುವಾರ ಕತ್ತಿ ನನ್ನ ದವಡೆಯ ಕೆಳಗೆ ನಡುಗಿತು. ಚುರ್ ಎಂದಿತು. ಕಣ್ಣು ಬಿಟ್ಟರೆ ಕನ್ನಡಿಯಲ್ಲಿ ಒಂದು ಕೆಂಪು ಗೆರೆ, ಅದರ ಹಿಂದೆ ಅವರ ಬೆವೆತ ಮುಖ.

"ನಾಕು ದಿನದಿಂದ ನಿದ್ದಿ ಇಲ್ರೀ," ಎಂದರು ಗಾಯ ಒತ್ತಿ ಹಿಡಿದು. "ಎದಿ ಡವಡವ ಅಂತೈತಿ. ತಿಂದದ್ದು ನಿಲ್ಲವಲ್ದು."

ಒಳಗಿನಿಂದ ಅವರ ಹೆಂಡತಿ ಪಾರವ್ವ ಬಂದರು. "ಮಾತ್ರಿ ಕಟ್ಟೋರನ್ನ ಕೇಳ್ರಿ! ಅವರ ಮನಿ ಮುಂದಿನ ಕೋಣ್ಯಾಗ ಹೊಸ ಸಲೂನು ಬಂದು ಇನ್ನೂ ತಿಂಗಳಾಗಿಲ್ಲ. ನಿಮ್ಮ ಕೈ ನಡಗಾಕ ಹತ್ತಿದ್ದು ಆಮ್ಯಾಲೇ."

ಕೋಣೆ ಬಾಡಿಗೆಗೆ ಕೊಟ್ಟವನು ನಾನೇ.

ಬಾಡಿಗೆಯವನಿಗಾಗಿ ನಾನು ಮಾತ್ರೆ ಕೆಡಿಸಿದೆ ಎಂದು ಮೂರು ದಿನದಲ್ಲಿ ಊರೇ ಅಂದಿತು. ದವಾಖಾನೆಯ ನನ್ನ ಕಿಟಕಿಯ ಮುಂದೆ ಜನ ಪೊಟ್ಟಣ ಬಿಚ್ಚಿ ಮೂಸಿ ನೋಡತೊಡಗಿದರು. ಡಾಕ್ಟರಮ್ಮ ಔಷಧದ ಕಪಾಟಿನ ಕೀಲಿಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನೂ ನನ್ನನ್ನು ನಂಬದಾದೆ. ಡಬ್ಬಿಯ ಮೇಲಿನ ಚೀಟಿಯನ್ನು ಮತ್ತೆ ಮತ್ತೆ ಓದಿದೆ. ಅದೇ ಮಾತ್ರೆ, ಅದೇ ಅಳತೆ.

ಕೊನೆಗೆ ಸುಳಿವು ಕೊಟ್ಟದ್ದು ಮೂಗು. ಅಂದು ಗಾಯ ಒತ್ತಿದ ಅವರ ಬೆರಳು ಬರೀ ಸೋಪಿನ ವಾಸನೆ ಬೀರಿದ್ದವು. ಹನ್ನೆರಡು ವರ್ಷ ಆ ಸೋಪಿನ ಅಡಿಯಲ್ಲಿ ಬೀಡಿ ಇತ್ತು! ಅಂಗಡಿಯ ಹಿಂದೆ ನಿಂತು ಸೇದಿ ಲವಂಗ ಅಗಿಯುತ್ತಿದ್ದರು. ಹೆಂಡತಿಗೂ ಡಾಕ್ಟರಿಗೂ ಮುಟ್ಟಿಯೇ ಇಲ್ಲವೆಂದು ಆಣೆ. ಬದಲಾದದ್ದು ಬೀಡಿಯೊಂದೇ. ನನ್ನ ಹೆಸರು ಉಳಿಯಬೇಕಾದರೆ ಅವರ ಗುಟ್ಟು ಒಡೆಯಬೇಕಿತ್ತು. ಒಡೆದೆ. ಡಾಕ್ಟರಮ್ಮ ಗಂಡಹೆಂಡತಿ ಇಬ್ಬರನ್ನೂ ಕರೆಸಿದರು.

"ಬೀಡಿ ಯಾವಾಗ ಬಿಟ್ರಿ?"

"ಇವರು ಬೀಡಿ ಸೇದೋರಲ್ಲ," ಎಂದ ಪಾರವ್ವ ನನ್ನನ್ನು ಸುಡುವಂತೆ ನೋಡಿದರು.

ಚನ್ನಮಲ್ಲಪ್ಪ ನೆಲ ನೋಡಿದರು. "ಹದಿನೈದು ದಿನ ಆತ್ರಿ. ಮುದ್ದು ಕೊಡಾಕ ಬಂದ ಮೊಮ್ಮಗಳು ಮೂಗು ಮುಚ್ಚಿಕೊಂಡ್ಳು."

"ಮಾತ್ರೆಯನ್ನ ರಕ್ತದಿಂದ ಎಳ್ಕೊಂಡು, ಮುರಿದು, ಹೊರಗೆ ಕಳಿಸೋದು ಲಿವರ್. ಬೀಡಿ ಹೊಗೆಗೆ ಆ ಕೆಲಸದ ಕೈ ಹೆಚ್ಚಾಗ್ತಾವೆ, ಮದುವೆ ದಿನಗಳಲ್ಲಿ ನಿಮ್ಮ ಅಂಗಡಿಗೆ ಇನ್ನಿಬ್ಬರು ಬಂದ ಹಾಗೆ. ಅಷ್ಟು ಕೈ ಇದ್ದಾಗ ನಾನು ಅಳತೆ ಗೊತ್ತುಮಾಡಿದ್ದು. ಬೀಡಿ ಹೋಯ್ತು, ಕೈಗಳೂ ಹೋದ್ವು. ಅದೇ ಮಾತ್ರೆ ಈಗ ಮುರಿಯೋರಿಲ್ಲದೆ ರಕ್ತದಲ್ಲೇ ಸೇರ್ತಾ ಕೂತಿದೆ. ಈ ನಡುಕ, ಈ ಡವಡವ ಎಲ್ಲಾ ಅದರದೇ."

"ಹಂಗಾರ ಮತ್ತ ಹಚ್ಚಲೇನ್ರಿ?" ಅವರ ದನಿಯಲ್ಲಿ ಆಸೆಯಿತ್ತು.

"ಹಚ್ಚಿ ನೋಡಿ, ಗೊತ್ತಾಗುತ್ತೆ! ಎರಡು ದಿನ ಮಾತ್ರೆ ಬೇಡ. ಆಮೇಲೆ ಅರ್ಧ."

ಪಾರವ್ವ ಸೆರಗು ಸರಿಪಡಿಸಿಕೊಂಡರು. "ಮೂವತ್ತು ವರ್ಷ ಅಂಗಿ ಒಗದಾಕಿ ನಾ. ಸೇದೂದು ಗೊತ್ತಿತ್ತು. ಬಿಟ್ಟದ್ದು ಗೊತ್ತಾಗಲಿಲ್ಲ ನೋಡ್ರಿ." ಆಮೇಲೆ ನನ್ನತ್ತ ತಿರುಗಿದರು. "ಅರ್ಧಾ ನೀವು ಮಾಡಬ್ಯಾಡ್ರಿ. ನಾ ಮುರಿತೀನಿ."

ಕೀಲಿ ಮರುದಿನವೇ ನನ್ನ ಕೈಗೆ ಬಂತು. ಎರಡು ವಾರ ಬಿಟ್ಟು ಅದೇ ಕುರ್ಚಿಯಲ್ಲಿ ಕೂತೆ. ಕತ್ತಿ ಗಂಟಲಿನ ಮೇಲೆ ನೀರಿನಂತೆ ಜಾರುತ್ತಿತ್ತು. ಬಾಗಿಲಲ್ಲಿ ನಿಂತ ಪಾರವ್ವ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು, ನಾನು ಕತ್ತಿಯನ್ನು.

"ಕಣ್ಣು ಮುಚ್ಚಿಕೊಳ್ರಿ, ಮೊದಲಿನಂಗ," ಎಂದರು ಚನ್ನಮಲ್ಲಪ್ಪ.

ಒಂದು ಕಣ್ಣು ಮುಚ್ಚಿದೆ.